ನಾಮಾನನ ಮುನಿಸು

ಮದುವೆಗೆ ಮನೆಗೆ ಬಂದು ಕರೆಯಲಿಲ್ಲ, ಅಂಚೆಯಲ್ಲಿ ಲಗ್ನಪತ್ರಿಕೆ ಹಾಕಿದರು ಎಂದು ಹತ್ತು ವರ್ಷ ಮಾತು ಬಿಟ್ಟವರನ್ನು ನಾನು ಬಲ್ಲೆ. ಆಗೆಲ್ಲ ನನಗೆ ನೆನಪಾಗುವವನು ಬೈಬಲಿನ ನಾಮಾನ. ಅರಾಮ್ ದೇಶದ ಸೇನಾಪತಿ, ಮೈಗೆ ಕುಷ್ಠ. ರಥ ಕುದುರೆಗಳೊಡನೆ ಪ್ರವಾದಿ ಎಲೀಷನ ಮನೆಬಾಗಿಲಿಗೆ ಹೋಗಿ ನಿಂತ. ಎಲೀಷ ಹೊರಗೆ ಬರಲೇ ಇಲ್ಲ. ಯೊರ್ದನ್ ಹೊಳೆಯಲ್ಲಿ ಏಳು ಸಲ ಸ್ನಾನ ಮಾಡೆಂದು ಆಳಿನ ಕೈಲಿ ಹೇಳಿಕಳಿಸಿದ. ಸೇನಾಪತಿಗೆ ರೇಗಿತು. ನಮ್ಮ ದಮಸ್ಕದ ಹೊಳೆಗಳಿಗೇನು ಕಡಿಮೆ ಎಂದು ಹೊರಟೇಬಿಟ್ಟ. ನೀರಿನ ಮಾತು ಬರಿಯ ನೆಪ. ಚುಚ್ಚಿದ್ದು ಆ ಬಾಗಿಲು. ಹಾಗೆಯೇ ಊರಿಗೆ ಹೋಗಿದ್ದರೆ ಮಾನ ಉಳಿಯುತ್ತಿತ್ತು, ರೋಗವೂ ಉಳಿಯುತ್ತಿತ್ತು.

ತಡೆದವರು ಅವನ ಆಳುಗಳು. ನಿಮ್ಮದು ತಪ್ಪು ಎನ್ನಲಿಲ್ಲ, ಜಾಣರು! ಅಪ್ಪಾ ಎಂದು ಕರೆದು, ಕಷ್ಟದ ಕೆಲಸ ಹೇಳಿದ್ದರೆ ಮಾಡುತ್ತಿರಲಿಲ್ಲವೇ, ಸ್ನಾನವೇನು ಮಹಾ ಎಂದರು. ಸಿಟ್ಟು ಇಳಿಯಿತೆಂದು ಗ್ರಂಥದಲ್ಲಿಲ್ಲ. ಹೊಳೆಗೆ ಇಳಿದ, ಗುಣವಾದ, ಅಷ್ಟೇ. ನನ್ನಂಥವರಿಗೆ ಧೈರ್ಯ ಬರುವುದು ಇಲ್ಲಿಯೇ. ಮುನಿಸು ಕರಗಲೆಂದು ಕಾಯಬೇಕಿಲ್ಲ, ಮುನಿಸನ್ನು ಹೊತ್ತುಕೊಂಡೇ ನೀರಿಗಿಳಿಯಬಹುದು.

ಮುಂದೆ ಯೇಸುಸ್ವಾಮಿ ನಜರೇತಿನ ಸಭಾಮಂದಿರದಲ್ಲಿ ಈ ನಾಮಾನನ ಹೆಸರೆತ್ತಿದರು. ಪರದೇಶದವನಿಗೆ ಗುಣವಾಯಿತು ಎಂದದ್ದೇ ತಡ, ಸ್ವಂತ ಊರಿನವರೇ ಕೆರಳಿ ಗುಡ್ಡದಂಚಿನಿಂದ ದೊಬ್ಬಲು ಕರೆದೊಯ್ದರು. ಸ್ವಾಮಿ ಅವರ ನಡುವೆಯೇ ಹಾದು ಕಪೆರ್ನೌಮಿಗೆ ಹೋಗಿ, ಅಲ್ಲಿ ಬೋಧನೆ ಮುಂದುವರಿಸಿದರು.