ಕಾಗದದಲ್ಲಿ ಉಳಿದ ಶಿಖರ

ಹಂಪೆಯ ವಿಜಯ ವಿಠ್ಠಲನ ಪ್ರಾಕಾರವನ್ನು ಹೊಕ್ಕವರ ಕಾಲು ತಾನಾಗಿ ಕಲ್ಲಿನ ರಥದತ್ತ ತಿರುಗುತ್ತದೆ. ಬಿಸಿಲಿಗೆ ಕಾದ ಹಾಸುಗಲ್ಲುಗಳ ಮೇಲೆ ಮಕ್ಕಳು ಓಡುತ್ತಾರೆ. ತಾಯಂದಿರು ಚಕ್ರದ ಮೇಲಿನ ಕುಸುರಿಯನ್ನು ಬೆರಗಿನಿಂದ ನೋಡುತ್ತಾರೆ. 2017ರಲ್ಲಿ ಹೊರಬಂದ ಐವತ್ತು ರೂಪಾಯಿಯ ನೋಟನ್ನು ಜೇಬಿನಿಂದ ತೆಗೆದು, ಅದರ ಬೆನ್ನಿನ ಚಿತ್ರವನ್ನು ಎದುರಿನ ರಥದೊಡನೆ ಹೋಲಿಸಿ ಸಂತೋಷಪಡುವವರೂ ಉಂಟು. ಒಂದೇ ಬಂಡೆಯಲ್ಲಿ ಕಡೆದಂತೆ ತೋರುವ ಈ ರಥವು ವಾಸ್ತವವಾಗಿ ಕಣಶಿಲೆಯ ಅನೇಕ ತುಂಡುಗಳನ್ನು ಸಂದು ಕಾಣದಂತೆ ಜೋಡಿಸಿ ಕಟ್ಟಿದ ಗರುಡನ ಗುಡಿ.

ಊರ ತೇರನ್ನು ಎಳೆದು ಬಲ್ಲ ಹಿರಿಯರಿಗೆ ಮಾತ್ರ ಇಲ್ಲಿ ಏನೋ ಕೊರತೆ ಕಾಣುತ್ತದೆ. ತೇರೆಂದ ಮೇಲೆ ಕಲಶದವರೆಗೆ ಏರುವ ಶಿಖರವಿರಬೇಡವೆ? ಕೆಳಗೆ ಇಷ್ಟು ವೈಭವವಿದ್ದು, ಮೇಲೆ ಚಪ್ಪಟೆಯಾಗಿ ನಿಂತುಹೋದದ್ದೇಕೆ?

ಅವರ ಸಂದೇಹ ಸರಿಯಾದುದೇ. ಈ ರಥದ ಮೇಲೆ ಇಟ್ಟಿಗೆಯಿಂದ ಕಟ್ಟಿದ ಶಿಖರವೊಂದಿತ್ತು. 1565ರ ಮಹಾಯುದ್ಧದ ನಂತರ ನಗರವು ಹಾಳಾದಾಗಲೂ ಅದು ಉಳಿದಿತ್ತು. ಸುಮಾರು ಮುನ್ನೂರು ವರ್ಷಗಳ ಮಳೆ ಬಿಸಿಲುಗಳನ್ನು ತಡೆದು 1856ರಲ್ಲಿಯೂ ನಿಂತಿತ್ತು. ಆನಂತರ ಮರೆಯಾಯಿತು. ಇಂದು ಅದನ್ನು ನೋಡಬಯಸುವವರಿಗೆ ಆಧಾರ ಹಳೆಯ ಛಾಯಾಚಿತ್ರ.

ಆ ವರ್ಷ ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ದೊಡ್ಡದೊಂದು ಕ್ಯಾಮರಾದೊಡನೆ ಈ ಬಂಡೆಗಳ ನಾಡಿನಲ್ಲಿ ಸುತ್ತಾಡಿದನು. ಗುಡಿಗಳು, ಅರಮನೆಯ ಕಟ್ಟಡಗಳು ಸೇರಿ 60 ದೃಶ್ಯಗಳನ್ನು ಸೆರೆಹಿಡಿದನು. ಆಗ ಛಾಯಾಗ್ರಹಣವು ಇನ್ನೂ ಎಳೆಯ ವಿದ್ಯೆ. ಇಂಗ್ಲೆಂಡಿನ ಲೇಕಾಕ್ ಎಂಬಲ್ಲಿ ಫಾಕ್ಸ್ ಟಾಲ್‌ಬಟ್ ತನ್ನ ಮನೆಯ ಕಿಟಕಿಯನ್ನು ಪುಟ್ಟ ಕಾಗದದ ನೆಗೆಟಿವ್ ಮೇಲೆ ಮೂಡಿಸಿದ್ದು 1835ರಲ್ಲಿ. ಅಲ್ಲಿಂದ ಕೇವಲ 21 ವರ್ಷಗಳಲ್ಲಿ ಆ ವಿದ್ಯೆ ತುಂಗಭದ್ರೆಯ ದಡವನ್ನು ಮುಟ್ಟಿತ್ತು.

ಆ ಕಾಲದ ಕ್ರಮವು ತಾಳ್ಮೆಯನ್ನು ಬೇಡುವಂಥದು. ಒಳ್ಳೆಯ ಬರೆಯುವ ಕಾಗದಕ್ಕೆ ಬೆಳ್ಳಿಯ ಲವಣವನ್ನು ಉಣಿಸಿ, ಮೇಣದ ಬತ್ತಿಯ ಮಂದ ಬೆಳಕಿನಲ್ಲಿ ಹದಗೊಳಿಸಿ, ಕ್ಯಾಮರಾದೊಳಗೆ ಇಡಬೇಕು. ಮಸೂರದ ಮುಚ್ಚಳವನ್ನು ಕ್ಷಣಕಾಲವಲ್ಲ, ನಿಮಿಷಗಳ ಕಾಲ ತೆರೆದಿರಬೇಕು. ಅಷ್ಟು ಹೊತ್ತಿನಲ್ಲಿ ಅತ್ತಿತ್ತ ನಡೆದಾಡುವವರ ಗುರುತು ಮೂಡದು. ಅಲುಗದೆ ನಿಂತ ಕಲ್ಲು ಮಾತ್ರ ಮೂಡುತ್ತದೆ. ಬಳಿಕ ಅಳಲೆಕಾಯಿಯಂತಹ ಒಗರು ಕಾಯಿಗಳಲ್ಲಿರುವ ಗ್ಯಾಲಿಕ್ ಆಮ್ಲದಿಂದ ಚಿತ್ರವನ್ನು ಹೊರತರಬೇಕು. ಹಾಗೆ ಮೂಡಿದ ಚಿತ್ರದಲ್ಲಿ ಎಲ್ಲವೂ ತಿರುಗುಮುರುಗು: ಹೊಳೆಯುವ ಆಕಾಶ ಕಪ್ಪು, ಮಂಟಪದ ಕತ್ತಲೆ ಬಿಳುಪು. ಬೆಳಕು ಹಾಯಲೆಂದು ಆ ಕಾಗದಕ್ಕೆ ಮೇಣ ಉಣಿಸುತ್ತಿದ್ದರು.

ಅದನ್ನು ನೇರ್ಪಡಿಸಲು ಮತ್ತೊಂದು ಕಾಗದ ಬೇಕು. ಉಪ್ಪು ಮತ್ತು ಬೆಳ್ಳಿಯ ನೈಟ್ರೇಟಿನಿಂದ ಸಿದ್ಧವಾದ ಹಾಳೆಯ ಮೇಲೆ ನೆಗೆಟಿವನ್ನು ಒತ್ತಿ, ಮರದ ಚೌಕಟ್ಟಿನಲ್ಲಿ ಬಿಗಿದು, ಬಿಸಿಲಿಗೆ ಇಡುತ್ತಿದ್ದರು. ಸೂರ್ಯನೇ ಅಚ್ಚುಕೂಟದ ಯಜಮಾನ! ನೆಗೆಟಿವ್ ಎಷ್ಟು ಅಗಲವೋ ಚಿತ್ರವೂ ಅಷ್ಟೇ ಅಗಲವಾದುದರಿಂದ, ದೊಡ್ಡ ಚಿತ್ರ ಬೇಕಾದವನು ದೊಡ್ಡ ಕ್ಯಾಮರಾವನ್ನೇ ಹೊರಿಸಿಕೊಂಡು ಹೋಗಬೇಕಾಗಿತ್ತು.

ಬೆಳಕಿಗೆ ಬೇಗನೆ ಸ್ಪಂದಿಸುವ ಬ್ರೋಮೈಡ್ ಕಾಗದ ಬಂದ ಮೇಲೆ ಈ ಕೆಲಸ ಬಿಸಿಲನ್ನು ಬಿಟ್ಟು ಕತ್ತಲೆಕೋಣೆಯನ್ನು ಸೇರಿತು. ಅಲ್ಲಿ ಮಸುಕಾದ ಕೆಂಪು ದೀಪವೊಂದೇ ಗತಿ. ಎನ್‌ಲಾರ್ಜರಿನ ಬೆಳಕು ನೆಗೆಟಿವ್ ಮೂಲಕ ಹಾಯ್ದು ಕೆಲವು ಸೆಕೆಂಡು ಕಾಗದದ ಮೇಲೆ ಬೀಳುತ್ತದೆ. ಕಾಗದ ಆಗಲೂ ಬರಿ ಬಿಳುಪು. ತಟ್ಟೆಯಲ್ಲಿನ ಡೆವಲಪರಿಗೆ ಅದನ್ನು ಇಳಿಸಿ ಮೆಲ್ಲನೆ ತೂಗುತ್ತಿದ್ದರೆ, ಮೊದಲು ನೆರಳುಗಳು ಬೂದಿಯ ಕಲೆಗಳಂತೆ ಕಾಣುತ್ತವೆ. ಬಳಿಕ ಕಂಬ, ಮೆಟ್ಟಿಲು, ಕೊನೆಗೆ ಬಿಸಿಲು ಬಿದ್ದ ಕಲ್ಲಿನ ನಯ. ಬೆಳಕು ಮುಟ್ಟಿದ ಲವಣವು ಅಪ್ಪಟ ಬೆಳ್ಳಿಯ ಕಣಗಳಾಗಿ ಮಾರ್ಪಡುವುದರಿಂದಲೇ ಈ ಕಪ್ಪು. ಆಮೇಲೆ ಹುಳಿನೀರಿನ ಸ್ನಾನ, ಉಳಿದ ಲವಣವನ್ನು ಕರಗಿಸುವ ಹೈಪೋ, ಕೊನೆಗೆ ಹರಿಯುವ ನೀರಿನಲ್ಲಿ ದೀರ್ಘಕಾಲದ ತೊಳೆತ. ಹೈಪೋ ಸರಿಯಾಗಿ ತೊಳೆದುಹೋಗದಿದ್ದರೆ ಚಿತ್ರವು ವರ್ಷಗಳ ನಂತರ ಹಳದಿಗಟ್ಟಿ ಮಾಸುತ್ತದೆ.

ಹಂಪೆಯಂತಹ ಸ್ಥಳದ ಚಿತ್ರ ಅಚ್ಚುಗಾರನಿಗೆ ಪರೀಕ್ಷೆಯೇ ಸರಿ. ಹೊರಗೆ ಉರಿಯುವ ಬಿಸಿಲು, ಮಂಟಪದೊಳಗೆ ಗವಿಯ ಕತ್ತಲೆ. ಒಂದಕ್ಕೆ ತಕ್ಕ ಬೆಳಕು ಇನ್ನೊಂದಕ್ಕೆ ತಕ್ಕುದಲ್ಲ. ಆದ್ದರಿಂದ ಆತನು ಮೊದಲು ಕಾಗದದ ಪಟ್ಟಿಯೊಂದಕ್ಕೆ ಭಾಗಭಾಗವಾಗಿ 5, 10, 15 ಸೆಕೆಂಡುಗಳ ಬೆಳಕನ್ನು ಕೊಟ್ಟು ನೋಡುತ್ತಾನೆ. ಅನಂತರ ಅಂಗೈಯನ್ನು ಅಡ್ಡಹಿಡಿದು ನೆರಳಿನ ಭಾಗವನ್ನು ಕಾಯುತ್ತಾನೆ. ಬೆರಳ ಸಂದಿನಿಂದ ಆಕಾಶಕ್ಕೆ ಇನ್ನಷ್ಟು ಬೆಳಕನ್ನು ಉಣಿಸುತ್ತಾನೆ. ಕಂಬದ ಮೇಲಿನ ಕುದುರೆ ಸವಾರನು ಕತ್ತಲೆಯಲ್ಲಿ ಕರಗುವನೋ ಕಣ್ಣಿಗೆ ಕಾಣುವನೋ ಎಂಬುದು ಆ ಕೈಯ ಹದದಲ್ಲಿದೆ.

ಗ್ರೀನ್‌ಲಾನ ನೆಗೆಟಿವ್‌ಗಳಾದರೋ ಬ್ರಿಟನ್ನಿನ ಖಾಸಗಿ ಸಂಗ್ರಹವೊಂದರಲ್ಲಿ ಬಹುಕಾಲ ಉಳಿದವು. ಅವುಗಳ ಚಿತ್ರಗಳು ಲೋಕದ ಕಣ್ಣಿಗೆ ಬಿದ್ದದ್ದು 1980ರಲ್ಲಿ, ಎಂದರೆ 124 ವರ್ಷಗಳ ಮೇಲೆ. ಮೂರು ವರ್ಷಗಳ ತರುವಾಯ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಹಂಪೆಗೆ ಬಂದು, ಗ್ರೀನ್‌ಲಾ ಕ್ಯಾಮರಾ ಇಟ್ಟಿದ್ದ ತಾಣಗಳನ್ನೇ ಅರಸಿ, ಅದೇ ದೃಶ್ಯಗಳನ್ನು ಮತ್ತೆ ತೆಗೆದನು. ರಥದ ಎರಡು ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಹಿರಿಯರ ಪ್ರಶ್ನೆಗೆ ಉತ್ತರ ದೊರೆಯುತ್ತದೆ: ಅದೇ ಚಕ್ರ, ಅದೇ ಜಗುಲಿ, ಒಂದರಲ್ಲಿ ಶಿಖರ, ಇನ್ನೊಂದರಲ್ಲಿ ಬರಿಯ ಆಕಾಶ. ಶಾಶ್ವತವೆಂದು ನಂಬಿದ ಕಟ್ಟಡ ಕಳೆಯಿತು. ಗೆದ್ದಲು ತಿನ್ನಬಹುದಾಗಿದ್ದ ಕಾಗದ ಉಳಿಯಿತು. ಆದರೆ ಆ ಕಾಗದ ಹೊರಗೆ ಬಾರದಿದ್ದರೆ ಶಿಖರವು ಎರಡನೆಯ ಸಲ ಕಳೆದುಹೋಗುತ್ತಿತ್ತು.

ನಾಡಿನ ಎಷ್ಟೋ ಮನೆಗಳ ಬೀರುಗಳಲ್ಲಿ, ಬಿಸ್ಕತ್ತಿನ ಡಬ್ಬಿಗಳಲ್ಲಿ, ಇಂದಿಗೂ ಹಳೆಯ ನೆಗೆಟಿವ್‌ಗಳು ಸುರುಳಿ ಸುತ್ತಿಕೊಂಡು ಬಿದ್ದಿವೆ. ಮನೆ ಬದಲಿಸುವ ದಿನ ಅವು ಕಸದೊಡನೆ ಹೊರಟುಹೋಗುವುದೂ ಉಂಟು. ಎಸೆಯುವ ಮುನ್ನ ಒಂದನ್ನಾದರೂ ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ಕಪ್ಪು ಮುಖ, ಬಿಳಿಯ ಕೂದಲಿನ ಆ ಅಪರಿಚಿತೆ, ಮದುವೆಯ ದಿನದ ಅಜ್ಜಿಯೇ ಇರಬಹುದು.