ಉಯಿಲೂ ಹುಯಿಲೂ

'ಉಯಿಲು' ಎಂಬ ಮಾತಿಗೂ 'ಹುಯಿಲು' ಎಂಬ ಮಾತಿಗೂ ಒಂದೇ ಅಕ್ಷರದ ಅಂತರ. ಮೊದಲನೆಯದು ಇಂಗ್ಲಿಷಿನಿಂದ ಬಂದು ಕನ್ನಡದ ಉಡುಪು ತೊಟ್ಟ ನೆಂಟ. ಎರಡನೆಯದು ಈ ನೆಲದ್ದೇ ಆದ ಹಳೆಯ ಕೂಗು. ಇವಕ್ಕೆ ವ್ಯುತ್ಪತ್ತಿಯಲ್ಲಿ ಸಂಬಂಧವಿಲ್ಲದಿದ್ದರೂ ಸಂಸಾರದಲ್ಲಿ ಸಂಬಂಧವುಂಟು. ಯಜಮಾನನು ಉಯಿಲು ಬರೆಯದೆ ತೀರಿಕೊಂಡ ಮನೆಯಲ್ಲಿ, ವೈಕುಂಠ ಸಮಾರಾಧನೆಯ ಎಲೆ ಎತ್ತುವ ಮೊದಲೇ ಹುಯಿಲು ಏಳುವುದನ್ನು ಕಾಣದವರಾರು?

ಆದರೂ ಉಯಿಲೆಂದರೆ ನಮ್ಮ ಜನಕ್ಕೆ ಅಳುಕು. ಹತ್ತು ವರ್ಷಗಳ ಮುಂಚೆ ಮಗಳ ಮದುವೆಗೆ ಚೀಟಿ ಕಟ್ಟುವ ಗೃಹಸ್ಥನು, ಮುಂದಿನ ವರ್ಷದ ಉಪ್ಪಿನಕಾಯಿಗೆ ಈಗಲೇ ಜಾಡಿ ತೊಳೆದಿಡುವ ಗೃಹಿಣಿ, ಈ ಒಂದು ಕಾಗದದ ಮಾತು ಬಂದೊಡನೆ "ಬಿಡ್ತು ಅನ್ನಿ" ಎಂದುಬಿಡುತ್ತಾರೆ. ಬರೆದರೆಲ್ಲಿ ಯಮನಿಗೆ ವಿಳಾಸ ಸಿಕ್ಕೀತೋ ಎಂಬ ಭಯ!

ಹಿಂದಿನವರು ಇಷ್ಟು ಸಂಕೋಚಪಟ್ಟವರಲ್ಲ. ತಾವು ಕೊಟ್ಟ ಭೂಮಿ ತಮ್ಮ ನಂತರವೂ ಕೊಟ್ಟವರಲ್ಲೇ ಉಳಿಯಲೆಂದು ಕಲ್ಲಿನಲ್ಲಿ ಕೆತ್ತಿಸಿದರು. ಕಾಗದ ಹರಿಯಬಹುದು, ಕಲ್ಲು ಹರಿಯದು. ಅಷ್ಟಕ್ಕೂ ನಂಬಿಕೆ ಸಾಲದೆ, ದತ್ತಿಗೆ ತಪ್ಪಿದವನು ಅರುವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗಿ ಹುಟ್ಟುವನೆಂದು ಶಾಪವನ್ನೂ ಬರೆಯಿಸಿದರು. ಸೂರ್ಯಚಂದ್ರರಿರುವವರೆಗೆ ಶಾಸನ ನಡೆಯಲೆಂದು ಹರಸಿದರು. ಇಂದಿನ ಕಾನೂನು ಸೂರ್ಯಚಂದ್ರರನ್ನು ಕರೆಯುವುದಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಗೆ ಬೇಕಾದದ್ದು ಇಬ್ಬರು ಸಾಕ್ಷಿಗಳು ಮಾತ್ರ. ಬರೆಯಿಸಿದವನು ರುಜು ಹಾಕುವುದನ್ನು ಅವರು ಕಣ್ಣಾರೆ ಕಂಡಿರಬೇಕು, ಅಥವಾ ರುಜು ತನ್ನದೆಂದು ಅವನು ಹೇಳುವುದನ್ನು ಕೇಳಿರಬೇಕು; ಅವನೆದುರಿಗೇ ತಾವೂ ರುಜು ಹಾಕಬೇಕು. ಛಾಪಾ ಕಾಗದ ಬೇಡ. ನೋಂದಣಿ ಮಾಡಿಸುವುದು ಅವರವರ ಇಚ್ಛೆ. ಬೇಕಾದರೆ ಲಕೋಟೆಗೆ ಮುದ್ರೆಯೊತ್ತಿ ಜಿಲ್ಲಾ ನೋಂದಣಾಧಿಕಾರಿಗಳಲ್ಲಿ ಇಡಲೂಬಹುದು. ಬರೆದವನು ಬದುಕಿರುವವರೆಗೆ ಉಯಿಲಿಗೆ ಜೀವವಿಲ್ಲ. ಅಷ್ಟರೊಳಗೆ ಎಷ್ಟು ಬಾರಿಯಾದರೂ ಬದಲಾಯಿಸಬಹುದು.

ಇಷ್ಟು ಸುಲಭವಾದ ಕೆಲಸಕ್ಕೆ ವಕೀಲರೇಕೆಂದು ಕೇಳುವವರುಂಟು. ಭದ್ರಾವತಿಯ ವಕೀಲರೊಬ್ಬರ ಕೊಠಡಿಗೆ ಹೋದ ಶಂಕರಘಟ್ಟದ ಯಜಮಾನರೊಬ್ಬರೂ ಹೀಗೆಯೇ ಕೇಳಿದರು.

ಶಂಕರಘಟ್ಟ ದೊಡ್ಡ ಊರಲ್ಲ. ಭದ್ರಾ ಅಣೆಕಟ್ಟಿನ ಕೆಲಸಕ್ಕೆಂದು ಆ ಸೀಮೆಗೆ ಬಂದು ಉಳಿದವರು, 1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾಲಯದ 'ಜ್ಞಾನಸಹ್ಯಾದ್ರಿ'ಯ ನೆರಳಿಗೆ ಬಂದವರು, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮೈ ಕಾಯಿಸಿಕೊಂಡು ದುಡಿದು ಅಡಿಕೆಯ ನೆರಳನ್ನು ಬಯಸಿ ಬಂದವರು ಅಲ್ಲಿ ಕೂಡಿದ್ದಾರೆ. ನಮ್ಮ ಯಜಮಾನರು ಈ ಕೊನೆಯ ಗುಂಪಿನವರು. ಕೊಂಡ ತೋಟ, ಕಟ್ಟಿಸಿದ ಮನೆ, ಹಿರಿಯರಿಂದ ಬಂದ ತುಂಡು ಗದ್ದೆ, ಬ್ಯಾಂಕಿನಲ್ಲಿ ಸ್ವಲ್ಪ ಹಣ: ಇದು ಅವರ ಸಾಮ್ರಾಜ್ಯ. ಬೆಂಗಳೂರಿನ ಮಗನು ಒಂದು ಪುಟದ ಉಯಿಲನ್ನು ತಾನೇ ಬರೆದು, ತಂದೆಯನ್ನು ಕರೆತಂದಿದ್ದನು.

ಆ ವಕೀಲರ ಬಾಗಿಲಲ್ಲಿದ್ದುದು ಹೆಸರು, ಪದವಿ ಇಷ್ಟೇ ಇದ್ದ ಚಿಕ್ಕ ಫಲಕ. ವಕೀಲನು ತನ್ನ ಫಲಕದಲ್ಲಿ ಇಂಥ ವಿಷಯದಲ್ಲಿ ತಾನು ನಿಪುಣನೆಂದು ಹಾಕಿಕೊಳ್ಳಬಾರದೆಂಬುದು ವಕೀಲರ ಪರಿಷತ್ತಿನ ನಿಯಮ. ಆದುದರಿಂದ ಉಯಿಲಿನ ವಕೀಲರನ್ನು ಜನ ಒಳ್ಳೆಯ ಅಡುಗೆಯವನನ್ನು ಹುಡುಕುವಂತೆ, ಉಂಡವರ ಮನೆಯಲ್ಲಿ ವಿಚಾರಿಸಿಯೇ ಹುಡುಕಬೇಕು.

ಅವರು ಪುಟವನ್ನು ಓದಿ ಮಗನಿಗೆ, "ತಾವು ಹೋಗಿ ಒಂದು ಲೋಟ ಕಾಫಿ ಕುಡಿದು ಬನ್ನಿ" ಎಂದರು. ಮಗನ ಮುಖ ಸಪ್ಪಗಾಯಿತು. ಆದರೆ ಇದರಲ್ಲಿ ಅವಮಾನವೇನೂ ಇರಲಿಲ್ಲ. ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ. ಎನ್. ತಿಮ್ಮಾಜಮ್ಮ ಎಂಬ ಮೈಸೂರು ಸೀಮೆಯ ಮೊಕದ್ದಮೆಯಲ್ಲಿ 1958ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ತೀರ್ಪು ಉಯಿಲಿನ ವಕೀಲರಿಗೆ ಇಂದಿಗೂ ಕೈದೀವಿಗೆ. ಉಯಿಲನ್ನು ಮುಂದಿಟ್ಟವರೇ ಅದನ್ನು ಬರೆಯಿಸುವುದರಲ್ಲೂ ಮುಂದಾಗಿ ನಿಂತು, ಅದರಿಂದ ದೊಡ್ಡ ಲಾಭವನ್ನೂ ಪಡೆಯುವಂತಿದ್ದರೆ, ಅದೇ ಒಂದು ಶಂಕೆ. ಆ ಶಂಕೆಯನ್ನು ನಿವಾರಿಸುವ ಹೊಣೆ ಅವರದೇ ಎಂದು ಆ ತೀರ್ಪು ಹೇಳಿತು. ಮಗನ ಹಿತಕ್ಕಾಗಿಯೇ ಮಗನನ್ನು ಕಾಫಿಗೆ ಕಳುಹಿಸಬೇಕಾಯಿತು.

ಬಾಗಿಲು ಮುಚ್ಚಿದ ಮೇಲೆ ವಕೀಲರು ಬರೆಯಲಿಲ್ಲ, ಕೇಳತೊಡಗಿದರು. ಗದ್ದೆ ಹಿರಿಯರದಲ್ಲವೆ? ಹಾಗಿದ್ದರೆ ಅದೆಲ್ಲವನ್ನೂ ಮಗನಿಗೆ ಬರೆಯುವಂತಿಲ್ಲ. 2005ರ ತಿದ್ದುಪಡಿಯಿಂದ ಮಗಳೂ ಮಗನಂತೆಯೇ ಹುಟ್ಟಿನಿಂದಲೇ ಹಕ್ಕುದಾರಳು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಇನ್ನಷ್ಟು ಗಟ್ಟಿಮಾಡಿತು. ಯಜಮಾನರು ಬರೆಯಬಹುದಾದದ್ದು ಅದರಲ್ಲಿನ ತಮ್ಮ ಪಾಲನ್ನಷ್ಟೆ. ಬ್ಯಾಂಕಿನ ಹಣಕ್ಕೆ ಮಗನು ನಾಮಿನಿ, ನಿಜ. ಆದರೆ ನಾಮಿನಿಯೆಂದರೆ ಹಣ ಪಡೆದುಕೊಳ್ಳುವ ಕೈ, ಅದರ ಒಡೆಯನಲ್ಲ. ಸಾಕ್ಷಿಗಳಾಗಿ ಬರೆದಿರುವ ಇಬ್ಬರಿಗೂ ಯಜಮಾನರಿಗಿಂತ ಹೆಚ್ಚು ವಯಸ್ಸು. ನಾಳೆ ನ್ಯಾಯಾಲಯಕ್ಕೆ ಬಂದು ಸಾಕ್ಷ್ಯ ನುಡಿಯುವವರಾರು? ಪಾಲು ಪಡೆಯದ, ವಯಸ್ಸಿನಲ್ಲಿ ಚಿಕ್ಕವರಾದ ಇಬ್ಬರು ಬೇಕು.

ಯಜಮಾನರು ಎಲ್ಲಕ್ಕೂ ತಲೆದೂಗಿದರು. ಕೊನೆಗೆ ವಕೀಲರು ಪುಟದ ಕೆಳಗಿನ ಒಂದು ಸಾಲಿನ ಮೇಲೆ ಬೆರಳಿಟ್ಟರು. 'ನನ್ನ ಹೆಂಡತಿಯನ್ನು ಮಗನು ನೋಡಿಕೊಳ್ಳತಕ್ಕದ್ದು.'

"ನೋಡಿಕೊಳ್ಳುವುದು ಎಂದರೆ ಎಷ್ಟು ಕೊಠಡಿ?" ಎಂದು ಕೇಳಿದರು.

ಯಜಮಾನರಿಗೆ ಅರ್ಥವಾಗಲಿಲ್ಲ.

"ಮನೆ ಮಗನ ಹೆಸರಿಗೆ ಹೋಗುತ್ತದೆ. ಆತ ಮಾರಿದರೆ ಆಕೆ ಎಲ್ಲಿರಬೇಕು? ತೋಟದ ಆದಾಯದಲ್ಲಿ ಆಕೆಗೆಷ್ಟು? ತಾವು ಉಯಿಲೇ ಬರೆಯದಿದ್ದರೆ ತಮ್ಮ ಸ್ವಂತ ಆಸ್ತಿಯಲ್ಲಿ ಹೆಂಡತಿ, ಮಗ, ಮಗಳು ಮೂವರಿಗೂ ಸಮಪಾಲೆಂದು 1956ರ ಕಾಯ್ದೆ ಹೇಳುತ್ತದೆ. ತಮ್ಮ ಈ ಕಾಗದ ಆಕೆಯ ಪಾಲನ್ನು ಕಿತ್ತುಕೊಂಡು, ಬದಲಿಗೆ ಒಂದು ಕ್ರಿಯಾಪದವನ್ನು ಕೊಟ್ಟಿದೆ."

ಯಜಮಾನರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಕಾಗದದಲ್ಲಿಲ್ಲದ ಸಂಗತಿಗಳು ಒಂದೊಂದಾಗಿ ಹೊರಬಂದವು. ತೋಟದ ಮುಂಗಡಕ್ಕೆ ಹೆಂಡತಿಯ ಬಳೆಗಳು ಹೋಗಿದ್ದವು. ಕಾಲು ಮುರಿದು ಮಲಗಿದ ಮೂರು ತಿಂಗಳು ಮಗಳು ತನ್ನ ಮನೆ ಬಿಟ್ಟು ಬಂದು ಉಪಚರಿಸಿದ್ದಳು. ಇವನ್ನೆಲ್ಲ ಅವರು ಮರೆತಿರಲಿಲ್ಲ. ಎಂದೂ ಯಾರೆದುರಿಗೂ ಹೇಳಿರಲಿಲ್ಲ, ಅಷ್ಟೆ. ಮಗನೂ ದುಷ್ಟನಲ್ಲ. ಅವನಿಗೆ ಯಾರೂ ತಿಳಿಸಿರಲಿಲ್ಲ.

ಅಂದು ರುಜುವಾಗಲಿಲ್ಲ. ವಾರದ ಬಳಿಕ ಯಜಮಾನರು ಮತ್ತೆ ಬಸ್ಸಿನಿಂದಿಳಿದರು. ಜೊತೆಗೆ ಅವರ ಪತ್ನಿ. ಹೊಸ ಕರಡಿನಲ್ಲಿ ಮನೆಯೂ ತೋಟದ ಆದಾಯವೂ ಆಕೆಯ ಜೀವಮಾನವಿಡೀ ಆಕೆಗೆ, ಅನಂತರ ತೋಟ ಮನೆಗಳು ಮಕ್ಕಳಿಬ್ಬರಿಗೂ ಸಮನಾಗಿ ಎಂದಿತ್ತು. ಬಳೆಗಳ ಸಂಗತಿಯನ್ನೂ ಒಂದು ಸಾಲಿನಲ್ಲಿ ಬರೆಯಲಾಗಿತ್ತು. ಕಾನೂನಿಗೆ ಆ ಸಾಲು ಬೇಕಿರಲಿಲ್ಲ, ಯಜಮಾನರಿಗೆ ಬೇಕಿತ್ತು. ವಕೀಲರು ಓದಿ ಹೇಳುತ್ತಿದ್ದಾಗ ಆ ಸಾಲಿನ ಬಳಿ ಆಕೆ ಸೆರಗಿನ ಅಂಚನ್ನು ಹಿಡಿದುಕೊಂಡು ಕಿಟಕಿಯ ಕಡೆಗೆ ನೋಡಿದರು.

ಓದು ಮುಗಿದ ಮೇಲೆ ಆಕೆ ಮೆಲ್ಲನೆ ಕೇಳಿದರು: "ನನಗೆ ತವರಿನಿಂದ ಬಂದ ಒಡವೆ ಸ್ವಲ್ಪ ಉಳಿದಿದೆ. ಅದರ ಬಗ್ಗೆ ನಾನೂ ಒಂದು ಉಯಿಲು ಬರೆಯಿಸಬಹುದೆ?"

"ಧಾರಾಳವಾಗಿ" ಎಂದು ವಕೀಲರು ಹೊಸ ಹಾಳೆಯೊಂದನ್ನು ತೆಗೆದುಕೊಂಡರು. ಬಳಿಕ ಯಜಮಾನರ ಕಡೆಗೆ ತಿರುಗಿ, "ತಾವು ಹೋಗಿ ಒಂದು ಲೋಟ ಕಾಫಿ ಕುಡಿದು ಬನ್ನಿ" ಎಂದರು.