ಸುದ್ದಿಮನೆಯ ಉಳಿತಾಯ

ಪತ್ರಿಕೆಯೊಂದು ತನ್ನ ಕರಡು ತಿದ್ದುವವರನ್ನೆಲ್ಲ ಮನೆಗೆ ಕಳುಹಿಸಿದರೂ ಮರುದಿನ ಬೆಳಗ್ಗೆ ಅದು ಎಂದಿನ ಹೊತ್ತಿಗೇ ಬಾಗಿಲಿಗೆ ಬಂದು ಬೀಳುತ್ತದೆ. ಪುಟಗಳು ಅಷ್ಟೇ ಇರುತ್ತವೆ, ಬಣ್ಣವೂ ಅದೇ. ಕ್ರಿಕೆಟ್ಟಿನ ಅಂಕಪಟ್ಟಿ, ಪದಬಂಧ, ರಾಶಿಫಲ ಯಾವುದೂ ತನ್ನ ಜಾಗ ಬಿಟ್ಟು ಕದಲಿರುವುದಿಲ್ಲ. ಗಿರಣಿಯಲ್ಲಿ ಹತ್ತು ನೇಕಾರರನ್ನು ತೆಗೆದರೆ ಸಂಜೆಯೊಳಗೆ ಬಟ್ಟೆಯ ಗಜ ಕಡಿಮೆಯಾಗುತ್ತದೆ. ಸುದ್ದಿಮನೆಯ ಲೆಕ್ಕ ಹಾಗಲ್ಲ. ಅಲ್ಲಿ ಉಳಿದ ಹಣ ಆ ತಿಂಗಳೇ ಜಮಾಖರ್ಚಿನ ಪುಸ್ತಕದಲ್ಲಿ ಕಾಣಿಸಿಕೊಳ್ಳುತ್ತದೆ; ಕಳೆದುಹೋದದ್ದು ಹಲವು ವರ್ಷ ಯಾರ ಕಣ್ಣಿಗೂ ಬೀಳುವುದಿಲ್ಲ. 1975ರ ಜೂನ್ ಕೊನೆಯಲ್ಲಿ, ತುರ್ತು ಪರಿಸ್ಥಿತಿ ಜಾರಿಯಾದಾಗ, 'ಇಂಡಿಯನ್ ಎಕ್ಸ್‌ಪ್ರೆಸ್' ತನ್ನ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಸೆನ್ಸಾರಿನ ಕತ್ತರಿಯನ್ನು ಓದುಗರಿಗೆ ತೋರಿಸಿಕೊಟ್ಟಿತು. ಲೆಕ್ಕಿಗರ ಕತ್ತರಿಯನ್ನು ಹಾಗೆ ತೋರಿಸಲು ಬರುವುದಿಲ್ಲ. ಬರೆಯದೆ ಹೋದ ಸುದ್ದಿಗೆ ಪತ್ರಿಕೆಯಲ್ಲಿ ಖಾಲಿ ಜಾಗ ಬಿಡುವ ಪದ್ಧತಿ ಇಲ್ಲವಷ್ಟೆ.

ಮುಂಬಯಿಯ ದೈನಿಕವೊಂದರ ಡೆಸ್ಕಿನಲ್ಲಿ ನಾನು ಎರಡು ದಶಕಗಳಿಗೂ ಮಿಕ್ಕಿ ಉಪಸಂಪಾದಕನಾಗಿ ದುಡಿದೆ. ಸೇರಿದ ಹೊಸತರಲ್ಲಿ ಕರಡು ತಿದ್ದುವವರದೇ ಒಂದು ಉದ್ದನೆಯ ಕೋಣೆ ಇತ್ತು. ಇಬ್ಬಿಬ್ಬರು ಎದುರುಬದುರು ಕೂತು, ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದುತ್ತಿದ್ದರು, ಇನ್ನೊಬ್ಬರು ಕರಡಿನ ಮೇಲೆ ಪೆನ್ನು ಓಡಿಸುತ್ತಿದ್ದರು. ಅವರಲ್ಲಿ ಒಬ್ಬರು ಗಿರಣಗಾಂವದ ಚಾಳಿನಲ್ಲಿ ಹುಟ್ಟಿ ಬೆಳೆದ ಹಿರಿಯರು. ಪರೇಲ್, ಲಾಲ್‌ಬಾಗ್‌ಗಳ ಗಲ್ಲಿಗಳ ಹೆಸರು, ಕಾರ್ಮಿಕ ಸಂಘಗಳ ಒಡಕು, ಯಾವ ನಗರಸೇವಕ ಯಾವ ವರ್ಷ ಯಾವ ಪಕ್ಷದಲ್ಲಿದ್ದ ಎಂಬುದೆಲ್ಲ ಅವರಿಗೆ ಬಾಯಿಪಾಠ. ಒಂದು ರಾತ್ರಿ ಕರಡು ಹಿಡಿದು ನನ್ನ ಮೇಜಿನ ಬಳಿ ಬಂದು, "ಸಾಹೇಬರೇ, ಈ ಮನುಷ್ಯ ತೀರಿಕೊಂಡು ಮೂರು ವರ್ಷವಾಯಿತು. ನಿನ್ನೆ ಹೇಳಿಕೆ ಕೊಟ್ಟದ್ದು ಎಲ್ಲಿಂದ?" ಎಂದು ಕೇಳಿದರು. ಸುದ್ದಿಸಂಸ್ಥೆಯೊಂದು ಒಂದೇ ಹೆಸರಿನ ಇಬ್ಬರನ್ನು ಕಲಸಿಬಿಟ್ಟಿತ್ತು. ಕಾಗುಣಿತದಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಗಣಕಯಂತ್ರ ಬಂದ ಮೇಲೆ ಆ ಕೋಣೆ ಮುಚ್ಚಿತು. ಅಕ್ಷರದೋಷವನ್ನು ಯಂತ್ರವೇ ಹಿಡಿಯುವಾಗ ಇಷ್ಟು ಜನರಿಗೆ ಸಂಬಳವೇಕೆ ಎಂಬುದು ಆಡಳಿತದವರ ಪ್ರಶ್ನೆ; ಕೇಳಲು ನ್ಯಾಯವಾಗಿಯೇ ಇತ್ತು. ಆ ಕೋಣೆಯಲ್ಲಿ ಕೂತಿದ್ದದ್ದು ಕಾಗುಣಿತ ಮಾತ್ರವಲ್ಲ, ಊರಿನ ನೆನಪು ಎಂದು ವಾದಿಸಬಹುದಿತ್ತು. ಆದರೆ ನೆನಪಿಗೆ ಸಂಬಳದ ಪಟ್ಟಿಯಲ್ಲಿ ಪ್ರತ್ಯೇಕ ಕಲಮು ಇರಲಿಲ್ಲ.

ಮುಂದಿನ ಸರದಿ ಜಿಲ್ಲೆಗಳದು. ಕಾಯಂ ವರದಿಗಾರರು ನಿವೃತ್ತರಾದಂತೆ ಆ ಸ್ಥಾನಗಳು ತುಂಬಲಿಲ್ಲ. ಬಂದವರು ಗುತ್ತಿಗೆಯವರು, ಇಲ್ಲವೇ ಸುದ್ದಿಗಿಷ್ಟು ಎಂದು ಪಡೆಯುವ ಅರೆಕಾಲಿಕರು. ಕೆಲವು ವರ್ಷಗಳಲ್ಲಿ ಅವರಿಗೆ ಜಾಹೀರಾತಿನ ಗುರಿಯನ್ನೂ ಕಟ್ಟಲಾಯಿತು. ದೀಪಾವಳಿಯ ಪುರವಣಿಗೆ ಇಂತಿಷ್ಟು ತರಬೇಕು, ಸ್ಥಳೀಯ ನಾಯಕರ ಹುಟ್ಟುಹಬ್ಬಕ್ಕೆ ಇಂತಿಷ್ಟು. ಪಶ್ಚಿಮ ಮಹಾರಾಷ್ಟ್ರದ ಒಬ್ಬ ಹುಡುಗ ಫೋನಿನಲ್ಲಿ ನನ್ನೊಡನೆ ಹೇಳಿಕೊಂಡಿದ್ದ: ಸಕ್ಕರೆ ಕಾರ್ಖಾನೆಯ ಅಧ್ಯಕ್ಷರ ಮನೆಯ ಜಗಲಿಯಲ್ಲಿ ಅಕ್ಟೋಬರಿನಲ್ಲಿ ಅರ್ಧ ಪುಟದ ಜಾಹೀರಾತಿಗಾಗಿ ಕಾದು ಕೂತವನು, ನವೆಂಬರಿನಲ್ಲಿ ಕಬ್ಬು ಅರೆಯುವ ಹಂಗಾಮು ಶುರುವಾದಾಗ ತೂಕದ ಮೋಸದ ಬಗ್ಗೆ ಬರೆಯುವುದು ಹೇಗೆ? ಅವನಿಗೆ ಯಾರೂ ಬರೆಯಬೇಡವೆಂದು ಹೇಳಿರಲಿಲ್ಲ. ಹೇಳುವ ಅಗತ್ಯವೇ ಬೀಳದಂತೆ ವ್ಯವಸ್ಥೆ ಆಗಿತ್ತು.

ಮಾಲೀಕರ ಕಷ್ಟ ಸುಳ್ಳೆಂದು ನಾನು ಹೇಳಲಾರೆ. ಮುದ್ರಣ ಕಾಗದದ ಬಹುಭಾಗ ಹೊರದೇಶಗಳಿಂದ ಬರಬೇಕು. ಡಾಲರು ಏರಿದರೆ ಕಾಗದದ ಬೆಲೆಯೂ ಏರುತ್ತದೆ. 2019ರ ಬಜೆಟ್ಟು ಅದರ ಮೇಲೆ ಶೇಕಡಾ 10ರ ಆಮದು ಸುಂಕವನ್ನು ಹೇರಿತು, ಮರುವರ್ಷ ಅದು 5ಕ್ಕೆ ಇಳಿಯಿತು. ಬಾಡಿಗೆ ಮನೆ, ಹಳೆಯ ಸ್ಕೂಟರು, ವಧೂವರಾನ್ವೇಷಣೆ, ಕೆಲಸ ಖಾಲಿ ಇದೆ ಮೊದಲಾದ ಸಣ್ಣ ಜಾಹೀರಾತುಗಳು ಒಂದು ಕಾಲಕ್ಕೆ ಪತ್ರಿಕೆಗಳ ಹೊಟ್ಟೆ ಹೊರೆಯುತ್ತಿದ್ದವು. ಅವೆಲ್ಲ ಅಂತರಜಾಲಕ್ಕೆ ಹೊರಟುಹೋದವು. ಆಮೇಲೆ ಬಂದದ್ದು 2020. ಆ ಡಿಸೆಂಬರಿನಲ್ಲಿ 'ಮುಂಬಯಿ ಮಿರರ್' ದೈನಿಕವಾಗಿ ನಿಂತು ವಾರಪತ್ರಿಕೆಯಾಗುವುದೆಂದೂ 'ಪುಣೆ ಮಿರರ್' ಮುಚ್ಚುವುದೆಂದೂ ಪ್ರಕಟವಾದದ್ದು ಈ ಎರಡು ಊರುಗಳಲ್ಲಿರುವ ನಮಗೆಲ್ಲ ನೆನಪಿದೆ. ನಗರಪಾಲಿಕೆಯ ಹೊಂಡ, ಬಿಲ್ಡರುಗಳ ಆಟ, ರೈಲ್ವೆ ಮೇಲ್ಸೇತುವೆಯ ಬಿರುಕು ಇವುಗಳನ್ನೇ ದಿನವೂ ಹಿಂಬಾಲಿಸುವ ಪತ್ರಿಕೆ ಎಂದು ಹಲವರು ಅದನ್ನು ಓದುತ್ತಿದ್ದರು.

ಆದರೆ ಜಾಹೀರಾತೇ ಪತ್ರಿಕೆಯ ಜೀವನಾಧಾರವಾದದ್ದು ಕೊರೋನಾದಿಂದಲ್ಲ. 1952ರಲ್ಲಿ ನೇಮಕಗೊಂಡ ಮೊದಲ ಪತ್ರಿಕಾ ಆಯೋಗ ಈ ಅಪಾಯವನ್ನು ಆಗಲೇ ಗುರುತಿಸಿತ್ತು. ಹೆಚ್ಚು ಜಾಹೀರಾತುಳ್ಳ ದೊಡ್ಡ ಪತ್ರಿಕೆ ಹೆಚ್ಚು ಪುಟಗಳನ್ನು ಅದೇ ಬೆಲೆಗೆ ಕೊಡುತ್ತ ಹೋದರೆ ಸಣ್ಣ ಪತ್ರಿಕೆ ಉಳಿಯದು. ಆದ್ದರಿಂದ ಪುಟಕ್ಕೆ ತಕ್ಕ ಬೆಲೆ ಇರಲಿ ಎಂಬುದು ಅದರ ಸಲಹೆ. 1956ರಲ್ಲಿ ಅದಕ್ಕೊಂದು ಕಾನೂನು ಬಂತು. ಪುಣೆಯ 'ಸಕಾಳ' ಪತ್ರಿಕೆ ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋಯಿತು. ಪತ್ರಿಕೆಯ ಪುಟವನ್ನೂ ಪ್ರಸಾರವನ್ನೂ ಕಟ್ಟಿಹಾಕುವುದೆಂದರೆ ವಾಕ್‌ಸ್ವಾತಂತ್ರ್ಯವನ್ನೇ ಕಟ್ಟಿಹಾಕಿದಂತೆ ಎಂದು ನ್ಯಾಯಾಲಯ 1961ರಲ್ಲಿ ಆ ಕಾನೂನನ್ನು ಅಸಿಂಧುಗೊಳಿಸಿತು. ತೀರ್ಪು ಸರಿಯೆಂದೇ ನನ್ನ ಎಣಿಕೆ. ಪತ್ರಿಕೆಗೆಷ್ಟು ಪುಟ ಎಂದು ಸರ್ಕಾರ ಹೇಳುವಂತಾದರೆ ಮುಂದೆ ಅದು ಏನೆಲ್ಲ ಹೇಳೀತು ಎಂಬುದನ್ನು ನಾವು ತುರ್ತು ಪರಿಸ್ಥಿತಿಯಲ್ಲಿ ಕಂಡಿದ್ದೇವೆ. ಹಾಗೆಂದು ಆಯೋಗದ ಭಯ ಪೊಳ್ಳಾಗಿರಲಿಲ್ಲ. 1994ರಲ್ಲಿ 'ಟೈಮ್ಸ್ ಆಫ್ ಇಂಡಿಯಾ' ದೆಹಲಿಯಲ್ಲಿ ತನ್ನ ಬೆಲೆಯನ್ನು ಒಂದೂವರೆ ರೂಪಾಯಿಗೆ ಇಳಿಸಿದಾಗ ಬೆಲೆಸಮರ ಶುರುವಾಯಿತು. ಓದುಗನಿಗೆ ಅಂದು ಹಬ್ಬವೇ. ತಿಂಗಳ ಕೊನೆಗೆ ರದ್ದಿಯವನು ತೂಕಹಾಕಿ ಕೊಡುವ ಹಣವನ್ನು ಕಳೆದರೆ ಪತ್ರಿಕೆ ಹೆಚ್ಚುಕಡಿಮೆ ಪುಕ್ಕಟೆ ಎಂದು ನಮ್ಮ ಮನೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುವ ಕಾಲ ಬಂತು.

ಪುಕ್ಕಟೆ ಎಂಬುದು ಜಗತ್ತಿನಲ್ಲಿ ಇಲ್ಲ. ನಾವು ಕೊಡದ ಹಣವನ್ನು ಇನ್ನೊಬ್ಬರು ಕೊಡುತ್ತಿದ್ದರು. ಕೊಟ್ಟವರು ಮಾತು ಕೇಳಿಸಿಕೊಳ್ಳಬೇಕೆಂದು ಬಯಸುವುದು ಸಹಜ. 2012ರಲ್ಲಿ ಅಮೆರಿಕದ 'ನ್ಯೂಯಾರ್ಕರ್' ವಾರಪತ್ರಿಕೆಯೊಡನೆ ಮಾತನಾಡುತ್ತ ಟೈಮ್ಸ್ ಸಮೂಹದ ವಿನೀತ್ ಜೈನ್ ತಮ್ಮದು ಪತ್ರಿಕೆಯ ವ್ಯವಹಾರವಲ್ಲ, ಜಾಹೀರಾತಿನ ವ್ಯವಹಾರ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಆ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ಇತರರು ಮಾಡುವುದನ್ನೇ ಮಾಡುತ್ತ ವೇದಿಕೆಯ ಮೇಲೆ ನಾಲ್ಕನೆಯ ಸ್ತಂಭದ ಮಾತಾಡುತ್ತಾರೆ.

ಆ ದಾರಿ ಎಲ್ಲಿಗೆ ಮುಟ್ಟಿತೆಂಬುದಕ್ಕೆ 2009ರ ಮಹಾರಾಷ್ಟ್ರ ವಿಧಾನಸಭಾ ಚುನಾವಣೆ ಸಾಕ್ಷಿ. ಒಬ್ಬ ನಾಯಕರ ಹೊಗಳಿಕೆ ಒಂದಕ್ಕೊಂದು ಸ್ಪರ್ಧಿಗಳಾದ ಮರಾಠಿ ಪತ್ರಿಕೆಗಳಲ್ಲಿ ಅಕ್ಷರಶಃ ಒಂದೇ ಪಾಠವಾಗಿ ಬಂದದ್ದನ್ನು ಪಿ. ಸಾಯಿನಾಥ್ 'ದಿ ಹಿಂದೂ'ವಿನಲ್ಲಿ ಬಯಲಿಗೆ ತಂದರು. 'ಕಾಸಿಗಾಗಿ ಸುದ್ದಿ'ಯ ಕುರಿತು ಪ್ರೆಸ್ ಕೌನ್ಸಿಲ್ ನೇಮಿಸಿದ ಉಪಸಮಿತಿಯಲ್ಲಿ ಪರಂಜಯ್ ಗುಹಾ ಠಾಕುರ್ತಾ ಮತ್ತು ಕೆ. ಶ್ರೀನಿವಾಸ ರೆಡ್ಡಿ ಇದ್ದರು. ಅವರ ವಿಸ್ತಾರವಾದ ವರದಿಯನ್ನು ಕೌನ್ಸಿಲ್ 2010ರಲ್ಲಿ ಪೂರ್ತಿಯಾಗಿ ಪ್ರಕಟಿಸಲಿಲ್ಲ, ಸಂಕ್ಷೇಪವನ್ನಷ್ಟೇ ಹೊರತಂದಿತು. ಕೇಂದ್ರ ಮಾಹಿತಿ ಆಯೋಗದ ಆದೇಶದ ಮೇಲೆ 2011ರಲ್ಲಿ ಅದು ಬೆಳಕು ಕಂಡಿತು. ನನಗೆ ಆ ವರದಿಯಲ್ಲಿ ಮುಖ್ಯವೆನಿಸಿದ್ದು ದರಪಟ್ಟಿಗಳ ವಿವರವಲ್ಲ. ಸಂಪಾದಕನ ಸ್ಥಾನ ಕುಗ್ಗಿದ್ದು, ಪತ್ರಕರ್ತರು ಗುತ್ತಿಗೆಗೆ ಒಳಗಾದದ್ದು ಈ ರೋಗದ ಕಾರಣಗಳಲ್ಲಿ ಸೇರಿವೆ ಎಂದು ಅದು ಗುರುತಿಸಿದ್ದು ಮುಖ್ಯ. ನಾಳೆ ಕೆಲಸವಿರುತ್ತದೋ ಇಲ್ಲವೋ ತಿಳಿಯದವನ ಕೈಯಲ್ಲಿ 'ಇಲ್ಲ' ಎಂಬ ಪದ ಇರುವುದಿಲ್ಲ. ಮಜೀಠಿಯಾ ವೇತನ ಮಂಡಳಿಯ ಶಿಫಾರಸು 2011ರಲ್ಲಿ ಅಧಿಸೂಚನೆಯಾಗಿ, 2014ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದ ಮೇಲೆಯೂ, ಬಾಕಿಗಾಗಿ ಪತ್ರಕರ್ತರು ಮತ್ತೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಇತರರ ಕನಿಷ್ಠ ವೇತನದ ಬಗ್ಗೆ ಬರೆಯುವವರ ಪಾಡು ಇದು.

ನಷ್ಟದಿಂದಲೇ ಕಡಿತ ಎಂಬ ಮಾತನ್ನು ಪೂರ್ತಿ ನಂಬುವಂತಿಲ್ಲ ಎನ್ನಲು ದೂರದ ಒಂದು ನಿದರ್ಶನ ಸಾಕು. 2006ರಲ್ಲಿ 'ಲಾಸ್ ಏಂಜಲೀಸ್ ಟೈಮ್ಸ್' ಲಾಭದಲ್ಲಿಯೇ ಇತ್ತು. ಆದರೂ ಸುದ್ದಿಮನೆಯನ್ನು ಇನ್ನೂ ಕಿರಿದುಮಾಡಿ ಎಂದು ಷಿಕಾಗೋದ ಮಾತೃಸಂಸ್ಥೆಯಾದ ಟ್ರಿಬ್ಯೂನ್ ಕಂಪನಿ ಒತ್ತಾಯಿಸಿತು. ಪ್ರಕಾಶಕ ಜೆಫ್ರಿ ಜಾನ್ಸನ್, ಸಂಪಾದಕ ಡೀನ್ ಬಾಕೆ ಇಬ್ಬರೂ ಆಗದೆಂದರು. ಆ ವರ್ಷ ಮುಗಿಯುವುದರೊಳಗೆ ಇಬ್ಬರೂ ಹೊರಗಿದ್ದರು; ಕಡಿತ ಮುಂದುವರಿಯಿತು. ಆ ನಗರಕ್ಕೆ ತಾಗಿದಂತೆ ಬೆಲ್ ಎಂಬ ಪುಟ್ಟ ಪಟ್ಟಣವಿದೆ. ಮೂವತ್ತೈದು ಸಾವಿರದ ಆಸುಪಾಸಿನ ಜನ, ಹೆಚ್ಚಿನವರು ದುಡಿದು ತಿನ್ನುವವರು. ಅಲ್ಲಿನ ನಗರಸಭೆಯ ಕಲಾಪಕ್ಕೆ ನಿಯಮಿತವಾಗಿ ಹೋಗಿ ಕೂರುವ ವರದಿಗಾರ ಒಬ್ಬನೂ ಇರಲಿಲ್ಲ. 2010ರಲ್ಲಿ ಅದೇ ಟೈಮ್ಸ್‌ನ ಇಬ್ಬರು ವರದಿಗಾರರು ಪಕ್ಕದೂರಿನ ವಿಷಯವೊಂದನ್ನು ಕೆದಕುತ್ತ ಬೆಲ್‌ಗೆ ಬಂದಾಗ, ಅಲ್ಲಿನ ಆಡಳಿತಾಧಿಕಾರಿ ವರ್ಷಕ್ಕೆ ಎಂಟು ಲಕ್ಷ ಡಾಲರಿನ ಹತ್ತಿರ ಸಂಬಳ ಪಡೆಯುತ್ತಿದ್ದುದು ಹೊರಬಿತ್ತು. ಆತ ಮುಂದೆ ಜೈಲಿಗೆ ಹೋದ. ಪತ್ರಿಕೆಗೆ 2011ರ ಪುಲಿಟ್ಜರ್ ಬಂತು. ಪ್ರಶಸ್ತಿಯ ಸಂತೋಷದ ಹಿಂದೆ ಒಂದು ಪ್ರಶ್ನೆ ಉಳಿಯಿತು: ಇಷ್ಟು ವರ್ಷ ಆ ಸಭೆಯಲ್ಲಿ ಒಬ್ಬ ವರದಿಗಾರ ಸುಮ್ಮನೆ ಕೂತಿದ್ದರೂ ಆ ಊರಿನ ಬಡವರಿಗೆ ಎಷ್ಟು ಹಣ ಉಳಿಯುತ್ತಿತ್ತು? ಪತ್ರಿಕೆಯ ಉಳಿತಾಯವನ್ನು ಕೊನೆಗೆ ಊರು ತೆತ್ತಿತು.

ಜಾಹೀರಾತಿಲ್ಲದೆ ಪತ್ರಿಕೆ ನಡೆಯದೇ ಎಂದು ಕೇಳಿದರೆ ಕನ್ನಡಿಗರ ಬಾಯಲ್ಲಿ ಸಿದ್ಧ ಉತ್ತರವಿದೆ: 1980ರಲ್ಲಿ ಶುರುವಾದ 'ಲಂಕೇಶ್ ಪತ್ರಿಕೆ'. ಜಾಹೀರಾತನ್ನು ದೂರವಿಟ್ಟು ಓದುಗರ ಹಣದಿಂದಲೇ ಅದು ನಡೆಯಿತು, ಮುಖ್ಯಮಂತ್ರಿಗಳನ್ನು ನಿದ್ದೆಗೆಡಿಸಿತು. ಆ ಉತ್ತರದ ಬಗ್ಗೆ ನನಗೆ ಅಭಿಮಾನವಿದೆ, ಅದರ ಮಿತಿಯೂ ಗೊತ್ತು. ಅದು ವಾರಪತ್ರಿಕೆ, ಒಬ್ಬ ದೊಡ್ಡ ಲೇಖಕನ ವ್ಯಕ್ತಿತ್ವ ಅದರ ಬಂಡವಾಳ. ದಿನವೂ ಕೋರ್ಟಿಗೆ, ಆಸ್ಪತ್ರೆಗೆ, ಮಾರುಕಟ್ಟೆಗೆ, ತಾಲೂಕು ಕಚೇರಿಗೆ ಜನರನ್ನು ಕಳುಹಿಸುವ ದೈನಿಕವನ್ನು ಆ ಬಗೆಯಲ್ಲಿ ಕಟ್ಟುವುದು ಕಷ್ಟ. ಆದರೂ ಅದು ಒಂದನ್ನು ಸಾಧಿಸಿ ತೋರಿಸಿತು: ತನಗೆ ಬೇಕೆನಿಸಿದರೆ ಓದುಗ ಪೂರ್ತಿ ಬೆಲೆ ಕೊಡುತ್ತಾನೆ.

ಇಲ್ಲಿ ಮಾತು ನಮ್ಮ ಬಳಿಗೇ ಬರುತ್ತದೆ. ಮುಂಬಯಿಯ ಪಾಲಿಕೆ ಎಂಟು ಭಾಷೆಗಳ ಮಾಧ್ಯಮದಲ್ಲಿ ಶಾಲೆ ನಡೆಸಿದ ಸಂಸ್ಥೆ. ಅವುಗಳಲ್ಲಿ ಕನ್ನಡವೂ ಒಂದು. ಒಂದು ಕನ್ನಡ ಶಾಲೆಯ ತರಗತಿ ಕರಗಿದಾಗ ಶಿಕ್ಷಕರು ಎಲ್ಲಿಗೆ ಹೋದರು, ಕಟ್ಟಡ ಯಾರ ಪಾಲಾಯಿತು, ಮಕ್ಕಳು ಯಾವ ಮಾಧ್ಯಮಕ್ಕೆ ಸೇರಿದರು ಎಂದು ಬರೆಯಲು ಒಬ್ಬ ವರದಿಗಾರನಿಗೆ ನಾಲ್ಕು ದಿನದ ಬಿಡುವು ಬೇಕು. ದಿನಕ್ಕೆ ಆರು ಸುದ್ದಿ ಕೊಡಬೇಕಾದವನಿಗೆ ಆ ಬಿಡುವು ಎಲ್ಲಿಯದು? ಅವನ ಆರು ಸುದ್ದಿಗಳಲ್ಲಿ ನಾಲ್ಕು ನಮ್ಮವೇ ಆಗಿರುತ್ತವೆ: ನಮ್ಮ ಸಂಘದ ವಾರ್ಷಿಕೋತ್ಸವ, ದೀಪ ಬೆಳಗಿದ ಗಣ್ಯರ ಸಾಲು, ಶಾಲು ಹಾರ. ಸುದ್ದಿಯ ಒಕ್ಕಣೆಯನ್ನೂ ನಾವೇ ಬರೆದು ಕಳಿಸುತ್ತೇವೆ. ರಾಜ್ಯೋತ್ಸವಕ್ಕೆ ಜಾಹೀರಾತು ಕೊಟ್ಟಿದ್ದೇವೆಂಬ ಸಲಿಗೆಯಿಂದ ಫೋಟೋದ ಅಳತೆಯನ್ನೂ ಹೇಳುತ್ತೇವೆ. ರಾಜಕಾರಣಿಯ ಕಾಸಿನ ಸುದ್ದಿಯನ್ನು ಬೈಯುವ ನಾವು ನಮ್ಮದನ್ನು ಸಹಕಾರ ಎಂದು ಕರೆಯುತ್ತೇವೆ. ಹೊರನಾಡಿನ ಸಣ್ಣ ಪತ್ರಿಕೆ ಇದನ್ನು ತಳ್ಳಿಹಾಕಲಾರದು. ಅದರ ಉಸಿರು ಅಷ್ಟರಲ್ಲೇ ಇದೆ. ಆದರೆ ನಮ್ಮ ಚಪ್ಪಾಳೆಗಳೆಲ್ಲ ಅಚ್ಚಾಗಿ, ನಮ್ಮ ಶಾಲೆ ಮುಚ್ಚಿದ ಸುದ್ದಿ ಅಚ್ಚಾಗದೆ ಹೋದರೆ ನಾಳೆ ಈ ಊರಿನಲ್ಲಿ ನಾವು ಹೇಗೆ ಬದುಕಿದ್ದೆವೆಂದು ತಿಳಿಯಲು ಉಳಿಯುವುದು ಶಾಲು ಹೊದ್ದವರ ಫೋಟೋ ಮಾತ್ರ.

ಲಾಭವೇ ಬೇಡವೆಂದು ಯಾವ ಪತ್ರಿಕೆಗೂ ಹೇಳುವ ಹಕ್ಕು ನಮಗಿಲ್ಲ. ಸಾಲದಲ್ಲಿ ಮುಳುಗಿದ ಪತ್ರಿಕೆ ಲಾಭದ ಪತ್ರಿಕೆಗಿಂತ ಬೇಗ ಮಾರಾಟವಾಗುತ್ತದೆ. ಲಾಭ ಯಾವುದಕ್ಕೆ ಎಂಬುದಷ್ಟೇ ಕೇಳಬೇಕಾದ ಪ್ರಶ್ನೆ. ಅದನ್ನು ಅಳೆಯಲು ನಾನೊಂದು ಸುಲಭದ ಅಳತೆ ಇಟ್ಟುಕೊಂಡಿದ್ದೇನೆ. ಪತ್ರಿಕೆ ಕೈಗೆ ಬಂದೊಡನೆ, ಯಾರಾದರೂ ಕಚೇರಿಯಿಂದ ಎದ್ದು, ಬಸ್ಸೋ ರೈಲೋ ಹಿಡಿದು ಹೋಗಿ, ಕಣ್ಣಾರೆ ಕಂಡು, ಇಬ್ಬರನ್ನು ಕೇಳಿ ಬರೆದ ಸುದ್ದಿ ಎಷ್ಟಿವೆ ಎಂದು ಎಣಿಸುತ್ತೇನೆ. ಮೂರಿದ್ದರೆ ಆ ದಿನದ ಬೆಲೆ ಸಂದಿತು. ಒಂದೇ ಇದ್ದರೂ ಚಂದಾ ನವೀಕರಿಸುತ್ತೇನೆ, ಬರೆದವರ ಹೆಸರಿಗೆ ಎರಡು ಸಾಲಿನ ಕಾಗದ ಹಾಕುತ್ತೇನೆ. ಮುಂದಿನ ಕಡಿತದ ಪಟ್ಟಿ ಸಿದ್ಧವಾಗುವಾಗ ಅಂಥ ಕಾಗದಗಳ ಒಂದು ಕಟ್ಟು ಆ ಮೇಜಿನ ಮೇಲಿರಲಿ ಎಂಬ ಆಸೆಯಿಂದ.